ಓಟದ ದಾರಿಯಲ್ಲೊಂದು ಉಗ್ರಾಣ

ವ್ಯಾಯಾಮಶಾಲೆಯ ಯಂತ್ರಗಳ ಮೇಲೆ ವ್ಯರ್ಥವಾಗುವ ದೇಹಶ್ರಮವನ್ನು ನೆರೆಹೊರೆಯ ಕೆಲಸಕ್ಕೆ ತಿರುಗಿಸಬೇಕೆಂಬ ವಿಚಾರದಿಂದ ಐವೊ ಗೋರ್ಮ್ಲಿ ಅವರು ಪೂರ್ವ ಲಂಡನ್ನಿನಲ್ಲಿ ಆರಂಭಿಸಿದ ‘ಗುಡ್‌ಜಿಮ್’ ಎಂಬ ಸೇವಾಸಂಸ್ಥೆ ಇಂದು ಬ್ರಿಟನ್ನಿನ ಹಲವು ಊರುಗಳಿಗೆ ಹಬ್ಬಿದ್ದು, ಅದರ ಸದಸ್ಯರು ಗುಂಪಾಗಿ ಓಡುತ್ತಲೋ ನಡೆಯುತ್ತಲೋ ಹೋಗಿ, ಒಪ್ಪಿಕೊಂಡ ಕೆಲಸವನ್ನು ಮುಗಿಸಿ, ಹಾಗೆಯೇ ಮರಳುತ್ತಾರೆ. ನಿರಾಶ್ರಿತರಿಗೆ ನೆರವಾಗುವ ಸಂಸ್ಥೆಗಳಿಗೆ ಬೇಕಾದುದು ಇಂಥ ಕೈಗಳೇ. ಏಕೆಂದರೆ ಅವುಗಳ ಉಗ್ರಾಣಗಳಿಗೆ ದಾನವಾಗಿ ಬಂದ ಬಟ್ಟೆಯ ಮೂಟೆಗಳನ್ನು ಬಿಚ್ಚಿ, ಹರಿದದ್ದನ್ನು ತೆಗೆದು, ಅಳತೆಗೆ ತಕ್ಕಂತೆ ವಿಂಗಡಿಸಿ ಜೋಡಿಸುವವರೆಗೆ ಅವು ನೆರವಲ್ಲ, ಬರಿಯ ಹೊರೆ. ಆಶ್ರಯಾರ್ಥಿಗಳು, ಅಂದರೆ ನಿರಾಶ್ರಿತರೆಂಬ ಮಾನ್ಯತೆಗಾಗಿ ಅರ್ಜಿ ಸಲ್ಲಿಸಿ ತೀರ್ಮಾನಕ್ಕೆ ಕಾಯುತ್ತಿರುವವರು, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 12 ತಿಂಗಳು ಕಳೆಯುವ ಮುನ್ನ ದುಡಿಯಲು ಅನುಮತಿ ಕೇಳುವಂತೆಯೂ ಇಲ್ಲವಾದುದರಿಂದ, ಚಳಿಗಾಲದ ಕೋಟಿಗೂ ಮಕ್ಕಳ ಬೂಟಿಗೂ ಈ ಉಗ್ರಾಣಗಳ ಬಾಗಿಲಿಗೇ ಬರಬೇಕಾಗುತ್ತದೆ. ಒಂದು ಸಂಜೆಯ ಓಟ ವಲಸೆ ನೀತಿಯನ್ನು ಬದಲಿಸದು, ಮೈ ಇಳಿಸುವ ಆಸೆಯೂ ಅದರಲ್ಲಿ ಬೆರೆತಿರಬಹುದು. ಆದರೆ ಮೂಟೆ ಬಿಚ್ಚುವವರ ಉದ್ದೇಶವನ್ನು ಕೋಟು ತೊಡುವವರು ವಿಚಾರಿಸುವುದಿಲ್ಲ.