ಒಂದೇ ಮಳೆಯ ಬೆಳೆ

ಕಳೆದ ವಾರ ಸಂಧ್ಯಾಸಮಯದಲ್ಲಿ ಜಗಲಿಯ ಮೇಲೆ ಕುಳಿತು ಪತ್ರಿಕೆಯನ್ನು ತಿರುವುತ್ತಿದ್ದ ನನ್ನೆದುರಿಗೆ ನಮ್ಮ ಬಡಾವಣೆಯ ಇಬ್ಬರು ಎಳೆಯರು ಬಂದು ನಿಂತರು. ಒಬ್ಬಳು ಪಿಯುಸಿ ಓದುತ್ತಿರುವ ಹುಡುಗಿ. ಇನ್ನೊಬ್ಬ ಅವಳಿಗಿಂತ ಎರಡು ವರ್ಷ ಚಿಕ್ಕವನು, ಮೀಸೆಯಿನ್ನೂ ಮೂಡದ, ಆದರೆ ಆಗಲೇ ದನಿಯೊಡೆಯುತ್ತಿರುವ ಹುಡುಗ. “ಸಾರ್, ಈ ಸಲ ಒಂದು ನಾಟಕ ಅಲ್ಲ, ನಾಲ್ಕು. ಒಂದೊಂದೂ ಐದೈದು ಸಲ” ಎಂದು ಆಕೆ ಒಂದೇ ಉಸಿರಿನಲ್ಲಿ ಹೇಳಿ ಗುಲಾಬಿ ಬಣ್ಣದ ಕರಪತ್ರವೊಂದನ್ನು ನನ್ನ ಕೈಗಿತ್ತಳು. ಕಾರ್ತಿಕದಿಂದ ಮಾಘದವರೆಗೆ ತಿಂಗಳಿಗೊಂದರಂತೆ ನಾಲ್ಕು ನಾಟಕಗಳು. ಎರಡು ಗೀತಪ್ರಧಾನವಾದವು, ಒಂದು ಶುದ್ಧ ಗದ್ಯದ್ದು, ಇನ್ನೊಂದು ಮಾತನ್ನೂ ಹಾಡನ್ನೂ ಹದವಾಗಿ ಬೆರೆಸಿದ್ದು. ಕೆಳಗೆ, ಟಿಕೆಟ್ಟಿನ ಬೆಲೆ 50 ರೂಪಾಯಿ ಎಂದೂ, ಮೂರನೆಯ ಗಂಟೆಯಾದ ಮೇಲೆ ಒಳಗೆ ಪ್ರವೇಶವಿಲ್ಲವೆಂದೂ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹದಿಹರೆಯದವರ ತಂಡವೊಂದು ಹಿರಿಯರಿಗೆ ಹೀಗೆ ಶಿಸ್ತನ್ನು ವಿಧಿಸುವ ಧೈರ್ಯ ಮಾಡಿದ್ದನ್ನು ಕಂಡು ನನಗೆ ಸಂತೋಷವಾಯಿತು. ಆದರೆ ಅದಕ್ಕಿಂತ ಹೆಚ್ಚಿನ ಸಂತೋಷವನ್ನು ಉಂಟುಮಾಡಿದ್ದು ಆ ‘ಐದೈದು ಸಲ’ ಎಂಬ ಮಾತು.

ಏಕೆಂದರೆ, ನಮ್ಮಲ್ಲಿ ಎಳೆಯರ ನಾಟಕವೆಂದರೆ ಒಂದು ಸಲದ ನಾಟಕ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಊರೂರಿಗೂ ಬೇಸಗೆ ಶಿಬಿರಗಳು ಏರ್ಪಡುತ್ತವೆ. ಮೂರು ನಾಲ್ಕು ವಾರಗಳ ಕಾಲ ಮಕ್ಕಳು ಕುಣಿದು ಕುಪ್ಪಳಿಸಿ, ಮುಖವಾಡಗಳನ್ನು ಮಾಡಿ, ಹಾಡು ಕಲಿತು, ಮಾತುಗಳನ್ನು ಬಾಯಿಪಾಠ ಮಾಡುತ್ತಾರೆ. ಕೊನೆಯ ದಿನ ತಂದೆತಾಯಿಗಳ ಮುಂದೆ ನಾಟಕವಾಗುತ್ತದೆ. ಮುಖ್ಯ ಅತಿಥಿಗಳ ಭಾಷಣ ನಾಟಕಕ್ಕಿಂತ ದೀರ್ಘವಾಗುತ್ತದೆ. ಮೊಬೈಲುಗಳಲ್ಲಿ ಚಿತ್ರಗಳು ಸೆರೆಯಾಗುತ್ತವೆ. ಮಾರನೆಯ ದಿನ ಆ ನಾಟಕ ಲೋಕದಲ್ಲಿ ಇರುವುದಿಲ್ಲ. ಈ ಶಿಬಿರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೈಸೂರಿನ ರಂಗಾಯಣದ ಚಿನ್ನರ ಮೇಳದಂತಹ ಪ್ರಯತ್ನಗಳು ಎಷ್ಟೋ ಮಕ್ಕಳ ನಾಲಗೆಯ ಗಂಟನ್ನು ಬಿಚ್ಚಿವೆ. ಆದರೆ ಒಂದೇ ಮಳೆಯನ್ನು ನಂಬಿ ಬಿತ್ತಿದವನು ಮೊಳಕೆಯನ್ನು ಕಾಣಬಹುದಲ್ಲದೆ ತೆನೆಯನ್ನು ಕಾಣಲಾರನು.

ಇದನ್ನು ನಾನು ಕೇವಲ ಉಪಮೆಯ ಮೋಹದಿಂದ ಹೇಳುತ್ತಿಲ್ಲ. ಇದೇ ತಂಡ ಹಿಂದಿನ ವರ್ಷ ಕುವೆಂಪು ಅವರ ಕಿಂದರಿಜೋಗಿಯನ್ನು ರಂಗಕ್ಕೆ ತಂದಾಗ, ಜೋಗಿಯ ಹಿಂದೆ ಹೊರಟ ಮಕ್ಕಳ ಗುಂಪಿನಿಂದ ಹಿಂದುಳಿಯುವ ಕುಂಟ ಹುಡುಗನ ಪಾತ್ರವನ್ನು ಹತ್ತು ವರ್ಷದ ಬಾಲಕನೊಬ್ಬ ವಹಿಸಿದ್ದನು. ಮೊದಲ ದಿನ ಅವನು ಬಲಗಾಲನ್ನು ಎಳೆಯುತ್ತ ಪ್ರವೇಶಿಸಿ, ಎಡಗಾಲನ್ನು ಎಳೆಯುತ್ತ ನಿಷ್ಕ್ರಮಿಸಿದನು. ಸಭೆ ಬಿದ್ದು ಬಿದ್ದು ನಕ್ಕಿತು. ಹುಡುಗ ಸೈಡ್‌ವಿಂಗಿನ ಹಿಂದೆ ಮುಖ ಮುಚ್ಚಿಕೊಂಡು ಅತ್ತನಂತೆ. ಯಾರದೋ ಒತ್ತಾಯದಿಂದ, ಹದಿನೈದು ದಿನಗಳ ತರುವಾಯ, ಅದೇ ನಾಟಕವನ್ನು ಪಕ್ಕದ ಊರಿನ ಶಾಲೆಯಲ್ಲಿ ಮತ್ತೆ ಆಡಬೇಕಾಗಿ ಬಂದಿತು. ನಾನೂ ಹೋಗಿದ್ದೆ. ಈ ಸಲ ಅವನು ಬಲಗಾಲಿನ ಹೆಬ್ಬೆರಳಿಗೆ ದಾರದ ಉಂಗುರವೊಂದನ್ನು ಬಿಗಿಯಾಗಿ ಸುತ್ತಿಕೊಂಡು ಬಂದಿದ್ದನು. ಯಾವ ಕಾಲು ನೋಯುತ್ತಿದೆಯೋ ಆ ಕಾಲನ್ನೇ ಎಳೆಯಬೇಕೆಂಬುದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಂಡಿದ್ದನು. ಬೆಟ್ಟದ ಬಾಗಿಲು ಮುಚ್ಚಿ, ಒಂಟಿಯಾಗಿ ಉಳಿದ ಅವನು ಪ್ರೇಕ್ಷಕರತ್ತ ತಿರುಗಿ ನೋಡಿದಾಗ ಸಭೆಯಲ್ಲಿ ಯಾರೂ ನಗಲಿಲ್ಲ. ನಾಟಕಕಲೆಯೆಂದರೆ ಆ ದಾರದ ಉಂಗುರ. ಅದು ಎರಡನೆಯ ಪ್ರದರ್ಶನದಲ್ಲಿ ಹುಟ್ಟಿತೇ ಹೊರತು ಮೊದಲನೆಯದರಲ್ಲಿ ಅಲ್ಲ.

ನಮ್ಮ ಹಿಂದಿನವರಿಗೆ ಈ ತತ್ತ್ವ ಅಪರಿಚಿತವಾಗಿರಲಿಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿಯಾಗಲಿ, ಉತ್ತರ ಕರ್ನಾಟಕದ ಗರುಡ ಸದಾಶಿವರಾಯರ, ವಾಮನರಾಯ ಮಾಸ್ತರರ ಮಂಡಳಿಗಳಾಗಲಿ, ಒಂದೂರಿನಲ್ಲಿ ಮೊಕ್ಕಾಂ ಹೂಡಿದರೆ ವಾರಗಟ್ಟಲೆ ತಿಂಗಳುಗಟ್ಟಲೆ ನಿಂತು, ಒಂದಾದ ಮೇಲೊಂದರಂತೆ ನಾಟಕಗಳನ್ನು ಆಡಿ, ಜನ ಮೆಚ್ಚಿದ್ದನ್ನು ಮತ್ತೆ ಮತ್ತೆ ಆಡುತ್ತಿದ್ದರು. ಆ ಕ್ಯಾಂಪುಗಳೇ ನಮ್ಮ ರಂಗಋತುಗಳು. ಅಲ್ಲಿ ಎಳೆಯರಿಗೆ ಸ್ಥಾನವಿದ್ದಿತು. ಬಾಲಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣರ ಪಾತ್ರಗಳಿಲ್ಲದೆ ಕಂಪನಿ ನಡೆಯುತ್ತಿರಲಿಲ್ಲವಷ್ಟೆ. ಗುಬ್ಬಿ ವೀರಣ್ಣನವರು ಸ್ವತಃ ಬಾಲನಟರಾಗಿಯೇ ಕಂಪನಿಯನ್ನು ಹೊಕ್ಕವರು; ಡಾ. ರಾಜ್‌ಕುಮಾರರು ತಂದೆ ಪುಟ್ಟಸ್ವಾಮಯ್ಯನವರ ಬೆರಳು ಹಿಡಿದು ಅದೇ ಕಂಪನಿಯ ರಂಗದ ಮೇಲೆ ಬೆಳೆದವರು. ಹಿಂದೂಸ್ತಾನಿ ಸಂಗೀತದ ಮಹಾಶಿಖರವಾದ ಮಲ್ಲಿಕಾರ್ಜುನ ಮನ್ಸೂರರು ಸುಮಾರು ಒಂಬತ್ತರ ಎಳೆವಯಸ್ಸಿನಲ್ಲಿ ಅಣ್ಣ ಬಸವರಾಜರೊಡನೆ ನಾಟಕ ಮಂಡಳಿಯನ್ನು ಸೇರಿ ಸಣ್ಣಪುಟ್ಟ ಪಾತ್ರಗಳಲ್ಲಿ ಹಾಡಿದವರು. ಇವರೆಲ್ಲರೂ ಪ್ರತಿಭಾವಂತರೆಂಬುದರಲ್ಲಿ ಸಂದೇಹವಿಲ್ಲ; ಆದರೆ ಆ ಪ್ರತಿಭೆಗೆ ಪ್ರತಿರಾತ್ರಿಯೂ ಬೇರೆ ಬೇರೆ ಪ್ರೇಕ್ಷಕರ ಮುಂದೆ ತನ್ನನ್ನು ಒರೆಗೆ ಹಚ್ಚಿಕೊಳ್ಳುವ ಅವಕಾಶ ದೊರೆಯದೆ ಹೋಗಿದ್ದರೆ, ಅದು ಅವರವರ ಮನೆಯ ಪಡಸಾಲೆಯಲ್ಲಿಯೇ ಮುದುಡಿಹೋಗುತ್ತಿದ್ದಿತೋ ಏನೋ.

ಕಂಪನಿಯ ಬದುಕು ಮಕ್ಕಳ ಪಾಲಿಗೆ ಹೂವಿನ ಹಾಸಿಗೆಯಾಗಿದ್ದಿತೆಂದು ನಾನು ಹೇಳಲಾರೆ. ಶಾಲೆ ತಪ್ಪುತ್ತಿದ್ದಿತು, ನಿದ್ರೆ ಕೆಡುತ್ತಿದ್ದಿತು, ಮನೆ ಮರೆತುಹೋಗುತ್ತಿದ್ದಿತು. ಆ ಕಾಲವನ್ನು ಹಾಗೆಯೇ ಮರಳಿ ಕರೆತರಬೇಕೆಂದು ವಿವೇಕವುಳ್ಳ ಯಾರೂ ಬಯಸರು. ಅಲ್ಲಿಂದ ನಾವು ಎತ್ತಿಕೊಳ್ಳಬೇಕಾದದ್ದು ಪುನಃಪ್ರಯೋಗದ ಶಿಸ್ತನ್ನು ಮಾತ್ರ. ಅದನ್ನು ಶಾಲೆಯ ಬದುಕಿನೊಡನೆ ಹೊಂದಿಸಲು ಸಾಧ್ಯವೆಂಬುದಕ್ಕೆ ಬಿ.ವಿ. ಕಾರಂತರ ಜೀವನವೇ ಸಾಕ್ಷಿ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಅವರು ಮೂರನೆಯ ತರಗತಿಯ ಹುಡುಗನಾಗಿದ್ದಾಗ ಬಣ್ಣ ಹಚ್ಚಿದ್ದು ಕುವೆಂಪು ಅವರ ‘ನನ್ನ ಗೋಪಾಲ’ ನಾಟಕಕ್ಕೆ. ಆ ಬಣ್ಣ ತೊಳೆದರೂ ಹೋಗಲಿಲ್ಲ. ಮನೆಬಿಟ್ಟು ಓಡಿ ಗುಬ್ಬಿ ಕಂಪನಿಯನ್ನು ಸೇರಿದರು. ವೀರಣ್ಣನವರು ಆ ಹುಡುಗನನ್ನು ಕಂಪನಿಗೇ ಕಟ್ಟಿಹಾಕದೆ ಮುಂದೆ ಕಾಶಿಗೆ ಓದಲು ಕಳುಹಿಸಿದರೆಂಬುದು ನಮ್ಮ ರಂಗಭೂಮಿಯ ಔದಾರ್ಯದ ಒಂದು ಪ್ರಸಂಗ. ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗುವುದಕ್ಕೆ ಮುಂಚೆ ಕಾರಂತರು ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟರಾಗಿದ್ದರು. ಮಕ್ಕಳ ನಾಟಕವನ್ನು ಅವರು ದೊಡ್ಡವರ ನಾಟಕದ ಕಿರಿಯ ತಮ್ಮನೆಂದು ಎಂದೂ ಭಾವಿಸಿದವರಲ್ಲ.

ಋತುವನ್ನು ಮೊದಲೇ ಗೊತ್ತುಮಾಡಿ, ಅದರಂತೆ ನಡೆಯುವ ಪದ್ಧತಿಗೆ ನಮ್ಮ ಕಾಲದಲ್ಲಿಯೂ ಉತ್ತಮ ನಿದರ್ಶನಗಳಿವೆ. ಸಾಗರದ ಸಮೀಪದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ದೂರದೃಷ್ಟಿಯಿಂದ 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ‘ಶಿವಸಂಚಾರ’ 1997ರಿಂದ ಅದೇ ಜಾಡಿನಲ್ಲಿ ನಡೆದುಬಂದಿದೆ. ಈ ತಂಡಗಳಲ್ಲಿ ಹೆಚ್ಚಿನವರು ತರುಣರೇ. ಒಂದು ವರ್ಷಕ್ಕೆ ಕೆಲವೇ ನಾಟಕಗಳನ್ನು ಆರಿಸಿ, ಮಳೆಗಾಲದಲ್ಲಿ ತಾಲೀಮು ಮುಗಿಸಿ, ಮಳೆ ನಿಂತೊಡನೆ ಲಾರಿಯಲ್ಲಿ ರಂಗಸಜ್ಜಿಕೆಯನ್ನು ಹೇರಿಕೊಂಡು ಊರೂರು ಅಲೆದು, ಅದೇ ಮಾತನ್ನು ಇಂದು ಗದಗಿನಲ್ಲಿ, ನಾಳೆ ಗಂಗಾವತಿಯಲ್ಲಿ ಆಡುವ ಈ ಹುಡುಗ ಹುಡುಗಿಯರು ಋತುವಿನ ಕೊನೆಯಲ್ಲಿ ಹೊರಟಾಗಿನ ನಟರಾಗಿ ಮರಳುವುದಿಲ್ಲ. ಪ್ರೇಕ್ಷಕನಿಗೂ ಇದರಿಂದ ಲಾಭವುಂಟು: ಮುಂದಿನ ತಿಂಗಳು ನಾಟಕವಿದೆಯೆಂದು ಬಲ್ಲವನು ಅದಕ್ಕಾಗಿ ಕಾಯುತ್ತಾನೆ, ಕಾದವನು ಗಮನವಿಟ್ಟು ನೋಡುತ್ತಾನೆ.

ಇನ್ನು ನಮ್ಮ ಎಳೆಯರು ಆರಿಸಿರುವ ನಾಲ್ಕು ನಾಟಕಗಳ ಮಾತು. ಕಿಂದರಿಜೋಗಿಯ ವಿಚಾರವನ್ನು ಆಗಲೇ ಹೇಳಿದೆ. ಇಲಿಗಳ ವೇಷದಲ್ಲಿ ಎಷ್ಟು ಮಕ್ಕಳನ್ನಾದರೂ ರಂಗಕ್ಕೆ ತುಂಬಬಹುದಾದ ಆ ಕಥೆ ಮೇಲುನೋಟಕ್ಕೆ ವಿನೋದವಾದರೂ, ಕೊಟ್ಟ ಮಾತಿಗೆ ತಪ್ಪಿದ ಹಿರಿಯರು ತಮ್ಮ ಮಕ್ಕಳನ್ನೇ ಕಳೆದುಕೊಳ್ಳುತ್ತಾರೆಂಬ ಅದರ ತಿರುಳು ಕಠೋರವಾದದ್ದು. ಎರಡನೆಯದು ಪು.ತಿ.ನ. ಅವರ ‘ಗೋಕುಲ ನಿರ್ಗಮನ’. ಕೃಷ್ಣನು ಗೋಕುಲವನ್ನೂ ಕೊಳಲನ್ನೂ ಬಿಟ್ಟು ಮಥುರೆಗೆ ಹೊರಡುವ ಆ ಗೀತರೂಪಕವನ್ನು ಹದಿನೇಳರ ಹುಡುಗರು ಆಡುವುದರಲ್ಲಿ, ಅವರೇ ಬಹುಶಃ ಅರಿಯದ ಔಚಿತ್ಯವೊಂದಿದೆ. ಇವರಲ್ಲಿ ಎಷ್ಟೋ ಮಂದಿ ಮುಂದಿನ ವರ್ಷದ ವೇಳೆಗೆ ಊರನ್ನೂ ಗೆಳೆಯರನ್ನೂ ಬಿಟ್ಟು ಬೆಂಗಳೂರೋ ಮಂಗಳೂರೋ ಎಂದು ಓದಲು ಹೊರಡತಕ್ಕವರೇ. ಮೂರನೆಯದು ಕೈಲಾಸಂ ಅವರ ‘ಟೊಳ್ಳುಗಟ್ಟಿ’. ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಆ ಮನೆಮಾತನ್ನು ನಾಲಗೆ ತೊಡರದೆ ಆಡಬಲ್ಲವನಿಗೆ ಮುಂದೆ ಯಾವ ಗದ್ಯವೂ ಕಷ್ಟವಾಗದು. ನಾಲ್ಕನೆಯದು ಕಾರಂತರ ‘ಪಂಜರ ಶಾಲೆ’. ಗಿಣಿಯನ್ನು ವಿದ್ಯಾವಂತನನ್ನಾಗಿ ಮಾಡಲು ಹೊರಟವರು ಅದರ ಗಂಟಲಿಗೆ ಪುಸ್ತಕಗಳನ್ನು ತುರುಕಿ ಪ್ರಾಣವನ್ನೇ ತೆಗೆಯುವ ರವೀಂದ್ರರ ಕಥೆಯಿಂದ ಮೈತಳೆದದ್ದು.

ಹಾಡಿನ ನಾಟಕಗಳನ್ನೂ ಮಾತಿನ ನಾಟಕಗಳನ್ನೂ ಒಂದೇ ಋತುವಿನಲ್ಲಿ ಸೇರಿಸಿರುವುದು ವಿವೇಕದ ಕೆಲಸವೆಂದು ನನಗೆ ತೋರುತ್ತದೆ. ಹಾಡು ಎಳೆಯರನ್ನು ಒಂದುಗೂಡಿಸುತ್ತದೆ. ಸಂಕೋಚದಿಂದ ಮೂಲೆ ಹಿಡಿದವನ ದನಿಯೂ ಹಿಮ್ಮೇಳದಲ್ಲಿ ಬೆರೆತು ಧೈರ್ಯಗೊಳ್ಳುತ್ತದೆ. ಮಾತು ಅವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ನಿಲ್ಲಿಸುತ್ತದೆ. ಅಲ್ಲಿ ತಪ್ಪಿದವನಿಗೆ ತಾಳದ ಮರೆಯಿಲ್ಲ. ಈ ಎರಡು ಬಗೆಯ ಶಿಕ್ಷಣವೂ ಬೆಳೆಯುವ ವಯಸ್ಸಿಗೆ ಬೇಕು. ಆದರೆ ತಂಡದ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಇತ್ತೀಚೆಗೆ ಎಷ್ಟೋ ಕಡೆ ಹಾಡನ್ನು ಸ್ಟುಡಿಯೋದಲ್ಲಿ ಮೊದಲೇ ಧ್ವನಿಮುದ್ರಿಸಿ, ರಂಗದ ಮೇಲೆ ಮಕ್ಕಳನ್ನು ತುಟಿಯಾಡಿಸಲು ಬಿಡುವ ರೂಢಿ ಹಬ್ಬುತ್ತಿದೆ. ಇದರಿಂದ ಶ್ರುತಿ ತಪ್ಪದಿರಬಹುದು. ಆದರೆ ಶ್ರುತಿ ಹಿಡಿಯುವುದನ್ನು ಕಲಿಯುವವರಾರು? ಒಂದು ಹಾರ್ಮೋನಿಯಂ, ಒಂದು ತಬಲ, ಅವಕ್ಕೆ ಮೈಯೆಲ್ಲ ಕಿವಿಯಾಗಿ ಕುಳಿತ ಇಬ್ಬರು ಇದ್ದರೆ, ನಟನು ಒಂದು ಕ್ಷಣ ತಡವರಿಸಿದಾಗ ಸಂಗೀತ ಅವನಿಗಾಗಿ ಕಾಯುತ್ತದೆ. ಯಂತ್ರ ಯಾರಿಗಾಗಿಯೂ ಕಾಯುವುದಿಲ್ಲ. ದನಿಯೊಡೆಯುತ್ತಿರುವ ಆ ಹುಡುಗ ಕೃಷ್ಣನಾಗಿ ಹಾಡುವಾಗ ಸ್ವರ ಒಡೆದರೂ ಒಡೆಯಲಿ. ಗೋಕುಲವನ್ನು ಬಿಡುವವನ ಕಂಠ ಬಿರಿಯುವುದು ಸಹಜವೇ ಅಲ್ಲವೆ?

ತಂದೆತಾಯಿಗಳ ಆಕ್ಷೇಪವೂ ನನ್ನ ಕಿವಿಗೆ ಬಿದ್ದಿದೆ. ನಾಲ್ಕು ತಿಂಗಳು ನಾಟಕವೆಂದು ತಿರುಗಿದರೆ ಪರೀಕ್ಷೆಯ ಗತಿಯೇನೆಂದು ಕೇಳುವವರ ಕಳವಳವನ್ನು ಹಗುರವಾಗಿ ಕಾಣಲಾಗದು. ಒಂದೆರಡು ಅಂಕಗಳ ಅಂತರದಲ್ಲಿ ಕಾಲೇಜಿನ ಬಾಗಿಲು ಮುಚ್ಚುವ ಕಾಲವಿದು. ತಂಡದವರು ಇದನ್ನು ಬಲ್ಲವರಾದುದರಿಂದಲೇ ಕೊನೆಯ ಪ್ರದರ್ಶನವನ್ನು ಮಾಘಕ್ಕೇ ಮುಗಿಸಿ, ತಾಲೀಮನ್ನು ವಾರಕ್ಕೆ ಮೂರು ಸಂಜೆಗಳಿಗೆ ಸೀಮಿತಗೊಳಿಸಿ, ಒಬ್ಬೊಬ್ಬರಿಗೆ ಎರಡು ನಾಟಕಗಳಿಗಿಂತ ಹೆಚ್ಚಿನ ಪಾತ್ರವನ್ನು ಕೊಡದಿರಲು ನಿಶ್ಚಯಿಸಿದ್ದಾರೆ. ಇಷ್ಟಾದರೂ ಆಗಲೇ ಒಬ್ಬ ಹುಡುಗನನ್ನು ಮನೆಯವರು ಬಿಡಿಸಿಕೊಂಡು ಹೋದರೆಂದು ಆ ಹುಡುಗಿ ಹೇಳಿದಳು. ಯಾವ ಪಾತ್ರವೆಂದು ವಿಚಾರಿಸಿದೆ. ‘ಟೊಳ್ಳುಗಟ್ಟಿ’ಯ ಮಾಧುವಂತೆ! ಪರೀಕ್ಷೆಯಲ್ಲಿ ಮೇಲೆನಿಸಿದ ಪುಟ್ಟು ಟೊಳ್ಳೆಂದೂ, ದಡ್ಡನೆನಿಸಿದ ಮಾಧು ಗಟ್ಟಿಯೆಂದೂ ತೋರಿಸಲು ಕೈಲಾಸಂ ಬರೆದ ನಾಟಕದಿಂದ, ನೂರು ವರ್ಷಗಳ ತರುವಾಯವೂ, ಮಾಧುವನ್ನು ಪರೀಕ್ಷೆಯ ಸಲುವಾಗಿಯೇ ಎಬ್ಬಿಸಿಕೊಂಡು ಹೋಗುವ ಸಮಾಜಕ್ಕೆ ಆ ನಾಟಕದ ಅಗತ್ಯ ಇನ್ನೂ ತೀರಿಲ್ಲವೆಂದು ಬೇರೆ ಹೇಳಬೇಕಾದುದಿಲ್ಲ. ಈಗ ಮಾಧುವಿನ ಪಾತ್ರವನ್ನು ಒಬ್ಬ ಹುಡುಗಿ ವಹಿಸುತ್ತಿದ್ದಾಳೆ.

ಉಳಿದದ್ದು ಹಣದ ಮಾತು. ಸಭಾಂಗಣದ ಬಾಡಿಗೆ, ದೀಪದ ವೆಚ್ಚ, ಬಣ್ಣ, ಬಟ್ಟೆ, ಹಾರ್ಮೋನಿಯಂ ನುಡಿಸುವವರ ಸಂಭಾವನೆ, ಇವು ಒಂದು ಪ್ರದರ್ಶನಕ್ಕೆ ಹೊರೆಯೆನಿಸಿದರೆ ಇಪ್ಪತ್ತಕ್ಕೆ ಬೆಟ್ಟವೆನಿಸುತ್ತವೆ. ನಗರಸಭೆಯವರು ವರ್ಷದ ಬಹುಭಾಗ ಬೀಗ ಜಡಿದಿರುವ ರಂಗಮಂದಿರವನ್ನು ಎಳೆಯರ ತಂಡಗಳಿಗೆ ಕನಿಷ್ಠ ಬಾಡಿಗೆಗೆ ಕೊಡುವುದು ಉಪಕಾರವಲ್ಲ, ಕರ್ತವ್ಯ. ಶಾಲೆಗಳು ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸಿದರೆ ಮಾತ್ರ ಸಾಲದು. ನೋಡಿದ ಮಾರನೆಯ ದಿನ ತರಗತಿಯಲ್ಲಿ ಅರ್ಧ ಗಂಟೆ ಆ ನಾಟಕದ ಮಾತನ್ನಾಡಬೇಕು. ದಾನಿಗಳೂ ಬೇಕು, ಸನ್ಮಾನಗಳಿಲ್ಲದೆ ಕೊಡುವವರಾದರೆ ಇನ್ನೂ ಉತ್ತಮ. ಆದರೆ ಇವೆಲ್ಲಕ್ಕಿಂತ ಮೇಲಾದ ಸಹಾಯ ಪ್ರೇಕ್ಷಕನದು. ನಮ್ಮ ಮಗುವಿಲ್ಲದ ನಾಟಕಕ್ಕೆ ನಾವೇಕೆ ಹೋಗಬೇಕೆಂಬ ಭಾವನೆ ಎಲ್ಲಿಯವರೆಗೆ ಇರುವುದೋ ಅಲ್ಲಿಯವರೆಗೆ ಎಳೆಯರ ನಾಟಕ ಮನೆಯ ಹುಟ್ಟುಹಬ್ಬದಂತೆ ಉಳಿಯುವುದೇ ಹೊರತು ಊರಿನ ರಂಗಭೂಮಿಯಾಗದು.

ಕರಪತ್ರವನ್ನು ಕೊಟ್ಟು ಹೊರಟ ಆ ಹುಡುಗಿಗೆ ಉಚಿತ ಪಾಸು ಬೇಡವೆಂದು ಹೇಳಿ ನಾಲ್ಕು ನಾಟಕಗಳಿಗೂ ಟಿಕೆಟ್ಟು ಕೊಂಡೆ. ಕಿಂದರಿಜೋಗಿಗೆ ಎರಡು ಕೊಂಡೆ, ಒಂದು ಮೊದಲನೆಯ ಪ್ರದರ್ಶನಕ್ಕೆ, ಇನ್ನೊಂದು ಐದನೆಯದಕ್ಕೆ. ನಿಮ್ಮೂರಿನಲ್ಲಿಯೂ ಇಂತಹ ತಂಡವೊಂದು ಇದ್ದೇ ಇರುತ್ತದೆ. ಹಣ ಕೊಟ್ಟು ಟಿಕೆಟ್ಟು ಕೊಳ್ಳಿರಿ. ಮೂರನೆಯ ಗಂಟೆಗೆ ಮುಂಚೆ ಹೋಗಿ ಕುಳಿತುಕೊಳ್ಳಿರಿ. ಸಾಧ್ಯವಾದರೆ, ಅದೇ ನಾಟಕಕ್ಕೆ ಎರಡನೆಯ ಸಲವೂ ಹೋಗಿರಿ.