ಕೆರೆಯಂಚಿನ ಮರಳು ಮಿಶ್ರಿತ ಜಮೀನಿನಲ್ಲಿ ಇಂಗುಹೊಂಡ: ಯಾರ ನೀರು, ಎಷ್ಟು ನೀರು?

2022ರ ಮಳೆಗಾಲದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅನೇಕ ಕೆರೆಗಳು ಕೋಡಿ ಹರಿದವು. ಮರುವರ್ಷವೇ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಹೀಗಾಗಿ ಕೆರೆಯ ಮೇಲ್ಭಾಗದ ಜಮೀನುಗಳಲ್ಲಿಯೇ ಮಳೆನೀರನ್ನು ಇಂಗಿಸುವ ವಿಚಾರಕ್ಕೆ ಮತ್ತೆ ಮಹತ್ವ ಬಂದಿದೆ.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಕೃಷಿ ಹೊಂಡವನ್ನು ರೈತರಿಗೆ ಪರಿಚಿತಗೊಳಿಸಿತು. ಅದು ಪಾಲಿಥೀನ್ ಹಾಳೆ ಹೊದಿಸಿ ನೀರನ್ನು ಸಂಗ್ರಹಿಸುವ ಹೊಂಡ. ಇಂಗುಹೊಂಡದ ಉದ್ದೇಶವೇ ಬೇರೆ. ಮರಳು ನೆಲದಲ್ಲಿ ಹಾಳೆಯಿಲ್ಲದ ಹೊಂಡದಲ್ಲಿ ನೀರು ನಿಲ್ಲುವುದಿಲ್ಲವೆಂದು ದೂರುವವರುಂಟು. ಅಂತರ್ಜಲದ ದೃಷ್ಟಿಯಿಂದ ಅದೇ ಅದರ ಗುಣ. ಕೆಂಪು ಮರಳು ಮಣ್ಣಿನಲ್ಲಿ ಬಿರುಸಾದ ಹನಿಗಳ ಹೊಡೆತಕ್ಕೆ ಮೇಲ್ಪದರ ಹೆಪ್ಪುಗಟ್ಟುವುದರಿಂದ, ಕೆಳಗಿನ ಮಣ್ಣು ಸಡಿಲವಾಗಿದ್ದರೂ ನೀರು ಮೇಲೆಯೇ ಹರಿದುಹೋಗುತ್ತದೆ.

ಒಂದು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ಅದರಲ್ಲಿ ಕಾಲುಭಾಗ ಹರಿದುಬರುವುದೆಂದು ಎಣಿಸಿದರೆ 50 ಸಾವಿರ ಲೀಟರ್. 10 ಮೀಟರ್ ಉದ್ದ, 8 ಮೀಟರ್ ಅಗಲ, 60 ಸೆಂ.ಮೀ. ಆಳದ ಹೊಂಡ ಇದನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಆಳಕ್ಕಿಂತ ಅಗಲ ಮುಖ್ಯ. ತುಂಬಿದ ಹೊಂಡ 48 ಗಂಟೆಗಳೊಳಗೆ ಬರಿದಾಗಬೇಕು. ವಾರಗಟ್ಟಲೆ ನಿಂತರೆ ಸೊಳ್ಳೆಗೆ ನೆಲೆಯಾಗುತ್ತದೆ. ಇದಕ್ಕೆ ಗಂಟೆಗೆ ಕನಿಷ್ಠ 12.5 ಮಿ.ಮೀ. ಇಂಗುವ ನೆಲ ಬೇಕು. ಒಂದು ಅಡಿ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಟ್ಟು, ಎರಡನೆಯ ಸಲ ತುಂಬಿದಾಗ ಮಟ್ಟ ಎಷ್ಟು ಇಳಿಯುವುದೆಂದು ಅಳೆದು ಅಂದಾಜು ಮಾಡಬಹುದು.

ಸ್ಥಳದ ಆಯ್ಕೆಯಲ್ಲಿ ಹೆಚ್ಚಿನ ವಿವೇಚನೆ ಅಗತ್ಯ. ಕೆರೆ ತುಂಬಿದಾಗ ದಂಡೆಯ ನೆಲದಲ್ಲಿಯೂ ನೀರಿನ ಮಟ್ಟ ಮೇಲೇರುವುದರಿಂದ ಅಲ್ಲಿಯ ಹೊಂಡ ಇಂಗಿಸಲಾರದು. ಮಳೆಗಾಲದ ನೀರಿನ ಮಟ್ಟಕ್ಕಿಂತ ಹೊಂಡದ ತಳ ಒಂದು ಮೀಟರಾದರೂ ಮೇಲಿರಲಿ. ಏರಿಯ ಬಳಿ ಅಗೆಯುವುದಂತೂ ಸರ್ವಥಾ ಸಲ್ಲದು. ತೇವಗೊಂಡ ಮರಳು ಕುಸಿದರೆ ಏರಿಗೇ ಅಪಾಯ. ಮರಳು ನೆಲ ನೀರಿನೊಡನೆ ನೈಟ್ರೇಟನ್ನೂ ಕೆಳಗಿಳಿಸುತ್ತದೆ. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿ.ಗ್ರಾಂ. ಆದ್ದರಿಂದ ತಿಪ್ಪೆ, ಕೊಟ್ಟಿಗೆ, ಔಷಧ ಬೆರೆಸುವ ಜಾಗಗಳ ನೀರನ್ನು ಹೊಂಡಕ್ಕೆ ತಿರುಗಿಸಬಾರದು. ಕುಡಿಯುವ ನೀರಿನ ಬಾವಿಯಿಂದ ಹೊಂಡ ದೂರವಿರಬೇಕು.

ಅಚ್ಚುಕಟ್ಟಿನ ರೈತರ ಆಕ್ಷೇಪವೊಂದಿದೆ: ಮೇಲಿನವರೆಲ್ಲ ನೀರು ಹಿಡಿದರೆ ಕೆರೆಗೆ ಉಳಿಯುವುದೇನು? ಇದನ್ನು ತಳ್ಳಿಹಾಕಲಾಗದು. ಇಂಗಿದ ನೀರೆಲ್ಲ ಕೆರೆಗೇ ಬಂದು ಸೇರುತ್ತದೆ ಎನ್ನುವುದು ಅತಿಯಾದ ಭರವಸೆ. ಕೊಳವೆಬಾವಿಗಳು ಅದರಲ್ಲಿ ಬಹುಪಾಲನ್ನು ಮೇಲೆತ್ತಬಹುದು. ಆದರೆ ಸಣ್ಣ ಹೊಂಡ ಹಿಡಿಯುವುದು ಮಳೆಯ ಮೊದಲ ಪಾಲನ್ನು, ಅದರೊಡನೆ ಬರುವ ಹೂಳನ್ನು. ದೊಡ್ಡ ಮಳೆಯ ಹೆಚ್ಚುವರಿ ನೀರು ಕಲ್ಲು ಕಟ್ಟಿದ ಕೋಡಿಯ ಮೂಲಕ ಕೆರೆಗೆ ಸಾಗಲೇಬೇಕು. ರಾಜಕಾಲುವೆಯನ್ನು ಅಡ್ಡಗಟ್ಟುವುದು ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ. ಆಯಕಟ್ಟುದಾರರೊಂದಿಗೆ ಕುಳಿತು ಹೊಂಡಗಳ ಸಂಖ್ಯೆ ಹಾಗೂ ಗಾತ್ರವನ್ನು ಮೊದಲೇ ನಿರ್ಧರಿಸುವ ಕೆಲಸವನ್ನು ವಿಸ್ತರಣಾ ಕಾರ್ಯಕರ್ತರು ವಹಿಸಿಕೊಳ್ಳುವುದು ಸೂಕ್ತ.

ನೀರು ಒಳಬರುವ ಕಡೆ ಲಾವಂಚ ಅಥವಾ ಗರಿಕೆಯ ಪಟ್ಟಿಯಿದ್ದರೆ ಹೂಳು ಅಲ್ಲಿಯೇ ತಂಗುತ್ತದೆ. ಆದರೂ ತಳದಲ್ಲಿ ಸೇರುವ ನುಣುಪು ಮಣ್ಣಿನ ಪದರವನ್ನು ಪ್ರತಿ ಬೇಸಿಗೆಯಲ್ಲಿ ಸನಿಕೆಯಿಂದ ಕೆರೆದು ಹೊಲಕ್ಕೆ ಹರಡಬೇಕು. ಈ ಕೆಲಸಕ್ಕೆ ಟ್ರ್ಯಾಕ್ಟರನ್ನು ಹೊಂಡದೊಳಗೆ ಇಳಿಸಿದರೆ ತಳ ಗಟ್ಟಿಯಾಗಿ ಮುಂದಿನ ಮಳೆಯ ನೀರು ಇಂಗುವುದಿಲ್ಲ.