ವಿದ್ಯಾರ್ಥಿನಿಯರೂ ಗ್ರಾಮಸೇವೆಯೂ

ಹೈಸ್ಕೂಲಿನ ವ್ಯಾಸಂಗವನ್ನು ಮುಗಿಸಿದ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಕಾಲೇಜುಗಳಲ್ಲಿ ಓದುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅವರು ಸೇವಾಶಿಬಿರಕ್ಕೆ ಹೋಗಲು ಅಪ್ಪಣೆ ಬೇಡಿದಾಗ ಹಿರಿಯರು ಹಿಂದುಮುಂದು ನೋಡುವುದುಂಟು. ಏಳು ದಿನ ಹಳ್ಳಿಯಲ್ಲಿ ತಂಗಿದ್ದು ಇವಳು ಸಾಧಿಸುವುದೇನು, ಓದು ಕೆಡುವುದಿಲ್ಲವೆ, ಎಂಬುದು ಅವರ ಪ್ರಶ್ನೆ. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ, ಉತ್ತರ ಹೇಳತಕ್ಕ ಪ್ರಶ್ನೆ.

ವಿದ್ಯಾರ್ಥಿಗಳ ಸೇವೆಯು ನಿನ್ನೆ ಮೊನ್ನೆ ಹುಟ್ಟಿದ ವಿಚಾರವಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಡಾ. ರಾಧಾಕೃಷ್ಣನ್ನರ ಅಧ್ಯಕ್ಷತೆಯ ಆಯೋಗವು ಅದನ್ನು ಕುರಿತು ಆಲೋಚಿಸಿತ್ತು. ಸೇವೆಯನ್ನು ಕಡ್ಡಾಯಮಾಡಬೇಕೆ, ಇಚ್ಛೆಗೆ ಬಿಡಬೇಕೆ ಎಂಬ ಚರ್ಚೆಯು ಬಹುಕಾಲ ನಡೆಯಿತು. ಕಡೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಡಾ. ವಿ. ಕೆ. ಆರ್. ವಿ. ರಾಯರು ಕೇಂದ್ರದ ಶಿಕ್ಷಣಸಚಿವರಾಗಿದ್ದಾಗ, ರಾಷ್ಟ್ರೀಯ ಸೇವಾ ಯೋಜನೆಯು 37 ವಿಶ್ವವಿದ್ಯಾನಿಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಇಂದು ಅದರಲ್ಲಿ ಲಕ್ಷಾಂತರ ಮಂದಿ ಸೇರಿದ್ದಾರೆ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ಒಂದು ಶಿಬಿರ, ಇದು ಅದರ ಕಟ್ಟಳೆ. "ನನಗಲ್ಲ, ನಿನಗೆ" ಎಂಬುದು ಅದರ ಧ್ಯೇಯವಾಕ್ಯ.

ನಮ್ಮ ಸೀಮೆಗೆ ಇದು ಹೇಗೆ ಅನ್ವಯಿಸುವುದೆಂಬುದನ್ನು ನೋಡೋಣ. 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಹಿಂದೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ಮತ್ತು ಹೊನ್ನಾಳಿಗಳೂ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯೂ, ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರೂ ಇಂದು ಒಂದೇ ವಿದ್ಯಾಪೀಠದ ನೆರಳಿಗೆ ಬಂದಿವೆ. ಆದರೆ ಈ ನಾಲ್ಕರ ಕಷ್ಟಸುಖಗಳು ಒಂದೇ ಬಗೆಯವಲ್ಲ. ಚನ್ನಗಿರಿಗೆ ಸೂಳೆಕೆರೆಯಿದೆ, ಅಡಕೆಯ ತೋಟಗಳಿವೆ. ಹೊನ್ನಾಳಿಯು ತುಂಗಭದ್ರೆಯ ದಂಡೆಯ ಊರು. ಮಳೆಗಾಲದಲ್ಲಿ ಅದರ ಚಿಂತೆಯೆಂದರೆ ಹೊಳೆಯ ಏರುನೀರು. ಜಗಳೂರಾದರೋ ಮಳೆಯನ್ನೇ ನಂಬಿ ಮುಗಿಲು ನೋಡುವ ನಾಡು. ಅಲ್ಲಿ ನೆಲದಡಿಯ ನೀರಿನಲ್ಲಿ ಫ್ಲೋರೈಡಿನ ಉಪದ್ರವವೂ ಉಂಟು. ಹೀಗಿರುವಲ್ಲಿ ಎಲ್ಲ ಊರುಗಳಿಗೂ ಒಂದೇ ಕಸಬರಿಕೆಯನ್ನು ಹೊತ್ತುಹೋದರೆ ಅದು ಸೇವೆಯಾದೀತೆ? ರಸಾಯನಶಾಸ್ತ್ರದ ವಿದ್ಯಾರ್ಥಿಯು ಜಗಳೂರಿನ ಹಳ್ಳಿಯ ಕೊಳವೆಬಾವಿಯ ನೀರನ್ನು ಪರೀಕ್ಷಿಸಲಿ. ವಾಣಿಜ್ಯಶಾಸ್ತ್ರದವರು ಸ್ತ್ರೀಯರ ಸ್ವಸಹಾಯ ಸಂಘದ ಲೆಕ್ಕವನ್ನು ಓರಣಗೊಳಿಸಲಿ. ಆಗ ಸೇವೆಯೇ ಪಾಠವಾಗುವುದು, ಓದು ಕೆಡುವ ಬದಲು ಬಲಿಯುವುದು.

ಇಲ್ಲಿಯೇ ನಮ್ಮ ಹೆಣ್ಣುಮಕ್ಕಳ ಪಾತ್ರವು ಮುಖ್ಯವಾದುದು. ಹಳ್ಳಿಯ ಅರ್ಧವು ಚಾವಡಿಯಲ್ಲಿ ಕಾಣುವುದು. ಉಳಿದರ್ಧವು ಹೊಸ್ತಿಲಿನ ಒಳಗಿದೆ. ನೀರು ಹೊರುವವರು ಯಾರು, ಬಾಣಂತಿಗೆ ಸಿಕ್ಕುವ ಊಟವೆಂಥದು, ಯಾವ ಬಾಲಕಿಯ ಶಾಲೆ ಏತಕ್ಕೆ ನಿಂತುಹೋಯಿತು, ಎಂಬುದನ್ನು ಅಲ್ಲಿಯ ತಾಯಂದಿರು ಪರಗಂಡಸರ ಮುಂದೆ ಬಿಚ್ಚಿಹೇಳರು. ಪಕ್ಕದಲ್ಲಿ ಕುಳಿತು ರೊಟ್ಟಿ ತಟ್ಟುವ ಹುಡುಗಿಯೊಡನೆ ಹೇಳುವರು. ನಮ್ಮ ಮಕ್ಕಳನ್ನು ನಾವು ತಡೆದೆವೆಂದರೆ ವಿಶ್ವವಿದ್ಯಾನಿಲಯಕ್ಕೆ ಹಳ್ಳಿಯ ಅರ್ಧಭಾಗವು ಎಂದಿಗೂ ತಿಳಿಯದು. ಹಳ್ಳಿಯ ಹೆಂಗಸರಿಗೆ ವಿದ್ಯೆಯ ನೆರವು ಎಂದಿಗೂ ಮುಟ್ಟದು.

ಆದರೂ ಈಗಿನ ಪದ್ಧತಿಯಲ್ಲಿ ಕೊರತೆಯಿಲ್ಲವೆನ್ನಲಾಗದು. ಸೇವೆಯನ್ನು ಗಂಟೆಗಳಿಂದಲೇ ಅಳೆದರೆ ಹಾಜರಿಯ ಪುಸ್ತಕ ತುಂಬೀತು, ಊರಿನ ಚರಂಡಿ ಮತ್ತೆ ಕಟ್ಟಿಕೊಂಡೀತು. ಈ ವರ್ಷ ಒಂದು ಹಳ್ಳಿ, ಬರುವ ವರ್ಷ ಇನ್ನೊಂದು ಎಂದಾದರೆ ನೆಟ್ಟ ಸಸಿಗೆ ನೀರೆರೆಯುವವರು ಯಾರು? ಒಂದು ಕಾಲೇಜು ಒಂದೇ ಹಳ್ಳಿಯನ್ನು ಹಿಡಿದು ಐದಾರು ವರ್ಷ ಬಿಡದೆ ಹೋಗಬೇಕು; ಹಿಂದಿನ ವರ್ಷದವರು ಕಂಡುದನ್ನು ಬರೆದಿಟ್ಟು ಮುಂದಿನವರಿಗೆ ಒಪ್ಪಿಸಬೇಕು; ಏನು ಬೇಕೆಂದು ಊರವರನ್ನೇ ಮೊದಲು ಕೇಳಬೇಕು. ಹಾಗೆ ಕೇಳದೆ ಮಾಡಿದ ಉಪಕಾರವು ಪ್ರದರ್ಶನವೇ ಹೊರತು ಸೇವೆಯಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಮಗಳು ಅಪ್ಪಣೆ ಕೇಳಿದಾಗ ಇಲ್ಲವೆನ್ನುವುದಕ್ಕೆ ಮೊದಲು ಕಾಲೇಜಿನವರನ್ನು ಕೇಳಿರಿ: ಜೊತೆಯಲ್ಲಿ ಉಪಾಧ್ಯಾಯಿನಿಯರು ಇರುವರೆ? ತಂಗುವ ಮನೆಗೆ ಭದ್ರವಾದ ಬಾಗಿಲೂ ಶೌಚಾಲಯವೂ ಇವೆಯೆ? ಕಳೆದ ವರ್ಷ ಹೋದ ಹಳ್ಳಿಗೇ ಹೋಗುವರೆ? ಇವಕ್ಕೆ ತಕ್ಕ ಉತ್ತರ ದೊರೆತರೆ ಸಂತೋಷದಿಂದ ಕಳುಹಿಸಿರಿ. ದೊರೆಯದಿದ್ದರೆ ಮಗಳನ್ನು ತಡೆದು ಸುಮ್ಮನಾಗದೆ ಏರ್ಪಾಡು ಸರಿಯಾಗುವವರೆಗೂ ಬೆನ್ನು ಹತ್ತಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೂ, ವೈದ್ಯರಾಗಲಿ ದಾದಿಯರಾಗಲಿ ಉಪಾಧ್ಯಾಯಿನಿಯರಾಗಲಿ, ತಮ್ಮ ಊರಿನ ಸಮೀಪದಲ್ಲಿ ಶಿಬಿರ ನಡೆದಾಗ ಒಂದು ದಿನವನ್ನಾದರೂ ಅಲ್ಲಿ ಕಳೆಯಲಿ. ಹಿರಿಯರು ಜೊತೆಗಿದ್ದ ಕಡೆ ಕಿರಿಯರಿಗೆ ಧೈರ್ಯವು ತಾನಾಗಿಯೇ ಬರುವುದು.